ಮೈಸೂರು ಹೆಸರಿನ ಯುದ್ಧನೌಕೆ

ದಾವಣಗೆರೆಯ ನಮ್ಮ ಪಿ.ಜೆ. ಬಡಾವಣೆಗೆ ಪ್ರಿನ್ಸ್ ಜಯಚಾಮರಾಜ ಒಡೆಯರ್ ಅವರ ಹೆಸರಿಟ್ಟಿರುವುದು ಹಳಬರಿಗೆಲ್ಲ ಗೊತ್ತು. ಅವರು ಆಳಿದ ಮೈಸೂರಿನ ಹೆಸರು ಹೊತ್ತ ಯುದ್ಧನೌಕೆಯೊಂದಿತ್ತು ಎಂಬುದನ್ನು ಬಲ್ಲವರು ಕಡಿಮೆ. ಹಾಗಾಗಿ ಈ ಸಂಚಿಕೆಗೆ ಅದರ ಕಥೆಯನ್ನೇ ಆರಿಸಿಕೊಂಡಿದ್ದೇನೆ.

ವಿಚಿತ್ರವೆಂದರೆ, ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲ ದಂಡೆಯೇ ಇರಲಿಲ್ಲ. 1956ರ ನವೆಂಬರ್ 1ರಂದು ಕಾರವಾರ, ಮಂಗಳೂರು ಬಂದು ಸೇರಿದ ಮೇಲೆ ಮೈಸೂರು ರಾಜ್ಯಕ್ಕೆ ಸಮುದ್ರ ದಕ್ಕಿತು. ವರ್ಷ ತುಂಬುವುದರೊಳಗೆ, 1957ರ ಆಗಸ್ಟ್ 29ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಐ.ಎನ್.ಎಸ್. ಮೈಸೂರು ನಮ್ಮ ನೌಕಾಪಡೆಗೆ ಸೇರಿತು.

ಅದು ಹೊಸ ಹಡಗಲ್ಲ. 1939ರಲ್ಲಿ ನೀರಿಗಿಳಿದ ಬ್ರಿಟಿಷ್ ಕ್ರೂಸರ್ ‘ನೈಜೀರಿಯಾ’. ಎರಡನೆಯ ಮಹಾಯುದ್ಧದಲ್ಲಿ ಸರಕು ಹಡಗುಗಳಿಗೆ ಬೆಂಗಾವಲಾಗಿ ಹೋಗುವುದು ಅದರ ದೊಡ್ಡ ಕೆಲಸಗಳಲ್ಲೊಂದು. 1942ರ ಆಗಸ್ಟ್‌ನಲ್ಲಿ ಶತ್ರುಗಳ ಮುತ್ತಿಗೆಯಿಂದ ಮಾಲ್ಟಾ ದ್ವೀಪ ಆಹಾರ, ಇಂಧನವಿಲ್ಲದೆ ಸೊರಗಿತ್ತು. 14 ಸರಕು ಹಡಗುಗಳ ಜೊತೆ ಹೊರಟ ನೈಜೀರಿಯಾಕ್ಕೆ 12ನೆಯ ತಾರೀಖು ಇಟಲಿಯ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. 52 ಮಂದಿ ಸತ್ತರು. ಹಡಗು ಕುಂಟುತ್ತ ಜಿಬ್ರಾಲ್ಟರಿಗೆ ಮರಳಿತು. ಸರಕು ಹಡಗುಗಳಲ್ಲಿ ಮಾಲ್ಟಾ ಮುಟ್ಟಿದ್ದು ಐದು ಮಾತ್ರ. ಕೊನೆಯದು ‘ಒಹಾಯೊ’ ಎಂಬ ತೈಲದ ಹಡಗು. ಅದು ಮುಳುಗದಂತೆ ಬೇರೆ ಹಡಗುಗಳು ಮಗ್ಗುಲಿಗೆ ಆತುಕೊಂಡು ಆಗಸ್ಟ್ 15ರಂದು ದಡ ಸೇರಿಸಿದವು. ನಮಗೆ ಆ ತಾರೀಖಿನ ಅರ್ಥ ಬೇರೆಯಾಗಲು ಇನ್ನೂ ಐದು ವರ್ಷವಿತ್ತು!

ರಿಪೇರಿಯಾದ ಹಡಗನ್ನು 1954ರಲ್ಲಿ ಭಾರತ ಕೊಂಡಿತು. ಅದರ ಚರಿತ್ರೆಯಲ್ಲಿ ಕನ್ನಡಿಗರು ಮರೆಯಬಾರದ ದಿನ 1961ರ ಡಿಸೆಂಬರ್ 18. ಕಾರವಾರದ ಎದುರಿಗಿರುವ ಅಂಜದೀವ ಎಂಬ ಸಣ್ಣ ದ್ವೀಪ ಆಗ ಪೋರ್ಚುಗೀಸರ ವಶದಲ್ಲಿತ್ತು. ನವೆಂಬರ್‌ನಲ್ಲಿ ಅಲ್ಲಿಂದ ‘ಸಾಬರಮತಿ’ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಅದೇ ತಿಂಗಳು ಮೀನುಗಾರನೊಬ್ಬ ಗುಂಡಿಗೆ ಬಲಿಯಾದ. ಮೀನು ಹಿಡಿದು ಹೊಟ್ಟೆ ಹೊರೆಯುವವನಿಗೆ ಯಾವ ಸಾಮ್ರಾಜ್ಯದ ಗೊಡವೆ?

ದ್ವೀಪಕ್ಕೆ ಇಳಿದದ್ದು ‘ತ್ರಿಶೂಲ್’ ನೌಕೆಯ ತುಕಡಿ. ತೋಪಿನ ಬೆಂಬಲ ಮೈಸೂರಿನದು. ಮೊದಲ ದೋಣಿಗಳವರು ದಡ ಹತ್ತಿದರು. ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತ್ತು. ಆದರೆ ಹಿಂದಿನ ದೋಣಿಗಳು ದಡಕ್ಕೆ ಬರುವಾಗ ಗುಂಡಿನ ಮಳೆ ಸುರಿಯಿತು. ನಮ್ಮ ಏಳು ನಾವಿಕರು ಮಡಿದರು. ಆಮೇಲೆ ಮೈಸೂರಿನ ಆರಂಗುಲದ ತೋಪುಗಳು ಮೈಸೂರು ರಾಜ್ಯದ ದಂಡೆಯೆದುರಿಗೇ ಮೊಳಗಿದವು. ಮರುದಿನ ದ್ವೀಪ ಶರಣಾಯಿತು. ಗೋವಾ ವಿಮೋಚನೆ ಎರಡೇ ದಿನದಲ್ಲಿ ಸಲೀಸಾಗಿ ಮುಗಿಯಿತು ಎನ್ನುವ ಮಾತು ಆ ಏಳು ಮನೆಗಳ ಮಟ್ಟಿಗೆ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅವರ ಸ್ಮಾರಕ ಗೋವಾದ ಐ.ಎನ್.ಎಸ್. ಗೋಮಾಂತಕ ನೆಲೆಯಲ್ಲಿದೆ.

1971ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾಬಳಗದ ಮುಖ್ಯ ಹಡಗಾಗಿತ್ತು. ಕೊನೆಯ ವರ್ಷಗಳಲ್ಲಿ ತರಬೇತಿ ನೌಕೆಯಾಯಿತು. 1973ರಲ್ಲಿ ರಾಜ್ಯ ‘ಕರ್ನಾಟಕ’ವಾದರೂ ಹಡಗು ಹಳೆಯ ಹೆಸರಲ್ಲೇ ಉಳಿದು, 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು. ಈಗಿನ ಐ.ಎನ್.ಎಸ್. ಮೈಸೂರು ಬೇರೆ ಹಡಗು. ಮುಂಬಯಿಯ ಮಜಗಾಂವ್ ಡಾಕ್‌ನಲ್ಲೇ ಕಟ್ಟಿದ್ದು, 1999ರ ಜೂನ್ 2ರಂದು ಸೇವೆಗೆ ಸೇರಿತು.