ಗಲಗಲಿ ಪರಿಸರದ ಹೆಣ್ಣುಡುಗೆ: ಖಣದ ಬಳಕೆಯಲ್ಲಿ ಆದ ಪಲ್ಲಟಗಳು

ಕೃಷ್ಣಾ ನದಿಯ ದಂಡೆಯಲ್ಲಿರುವ ಗಲಗಲಿಯು ಗಾಲವ ಋಷಿಯ ಐತಿಹ್ಯದಿಂದಲೂ ಹರಿದಾಸ ಪರಂಪರೆಯ ಗಲಗಲಿಯವ್ವನ ಹೆಸರಿನಿಂದಲೂ ಪರಿಚಿತವಾದ ಊರು. ಉಡುಗೆಯ ಇತಿಹಾಸವನ್ನು ಅರಸುವವರಿಗೆ ಈ ಊರಿನ ನೆಲೆಯೇ ಒಂದು ಆಧಾರವನ್ನು ಒದಗಿಸುತ್ತದೆ. ಇದರ ಪಶ್ಚಿಮಕ್ಕೆ ರಬಕವಿ-ಬನಹಟ್ಟಿಯ ಮಗ್ಗಗಳಿವೆ. ಇನ್ನೊಂದು ದಿಕ್ಕಿನಲ್ಲಿ ಗುಳೇದಗುಡ್ಡ ಮತ್ತು ಇಳಕಲ್ಲುಗಳಿವೆ. ದಿನಬಳಕೆಯ ನೂಲಿನ ಸೀರೆ, ರೇಷ್ಮೆ ಸೆರಗಿನ ಸೀರೆ, ಕುಪ್ಪಸದ ಖಣ, ಈ ಮೂರೂ ನೇಯ್ಗೆಗಳು ಒಂದೇ ಸೀಮೆಯ ಸಂತೆಗಳಲ್ಲಿ ಕೂಡಿದವು. ಹಟಗಾರ, ಪಟ್ಟಸಾಲಿ, ದೇವಾಂಗ, ಕುರುಹಿನಶೆಟ್ಟಿ ಮೊದಲಾದ ನೇಕಾರ ಸಮುದಾಯಗಳ ದುಡಿಮೆ ಅವುಗಳ ಹಿಂದಿದೆ.

ಇಳಕಲ್ಲ ಸೀರೆ ಮತ್ತು ಖಣದ ಕುಪ್ಪಸವನ್ನು ತಲೆತಲಾಂತರದಿಂದ ಬದಲಾಗದ ಉಡುಗೆಯೆಂದು ವರ್ಣಿಸುವುದು ರೂಢಿಯಾಗಿದೆ. ಈ ಗ್ರಹಿಕೆ ಪೂರ್ತಿಯಾಗಿ ಒಪ್ಪತಕ್ಕದ್ದಲ್ಲ. 1869ರಲ್ಲಿ ಯುರೋಪಿನಲ್ಲಿ ಪೇಟೆಂಟು ಪಡೆದ ಅಲಿಜರಿನ್ ಎಂಬ ಕೃತಕ ಬಣ್ಣವು ಮುಂದಿನ ದಶಕಗಳಲ್ಲಿ ಬೇರಿನಿಂದ ತೆಗೆಯುತ್ತಿದ್ದ ಕೆಂಪನ್ನು ಭಾರತದಾದ್ಯಂತ ಹಿಂದೆ ಸರಿಸಿತು. ಇಂದು ‘ಸಾಂಪ್ರದಾಯಿಕ’ವೆನಿಸುವ ದಾಳಿಂಬೆಗೆಂಪು ಬಹುಮಟ್ಟಿಗೆ ರಾಸಾಯನಿಕ ಬಣ್ಣದ ಕಾಲದ್ದು. ಇಪ್ಪತ್ತನೆಯ ಶತಮಾನದಲ್ಲಿ ಹಿಪ್ಪುನೇರಳೆ ರೇಷ್ಮೆಯ ಜೊತೆಗೆ ನೇಕಾರರು ‘ಚಮಕಾ’ ಎಂದು ಕರೆಯುವ ಕೃತಕ ರೇಷ್ಮೆ ಬಂದಿತು. ಕಚ್ಚೆ ಹಾಕಿ ಉಡುವ ಹದಿನೆಂಟು ಮೊಳದ, ಎಂದರೆ 9 ಗಜದ, ಸೀರೆಗೆ ಬದಲು ನಿರಿಗೆ ಹಿಡಿದು ಉಡುವ 6 ಗಜದ ಸೀರೆ ನೆಲೆಗೊಂಡಿತು. ಬಣ್ಣ, ನೂಲು, ಅಳತೆ ಬದಲಾದರೂ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈ ಬದಲಾವಣೆಯನ್ನು ಸೀರೆಗಿಂತ ಸ್ಪಷ್ಟವಾಗಿ ತೋರಿಸುವ ವಸ್ತುವೆಂದರೆ ಖಣ. ಗುಳೇದಗುಡ್ಡದ ಕುಣಿಮಗ್ಗದಲ್ಲಿ ನೇಯುವ ಈ ಬಟ್ಟೆಯಲ್ಲಿ ತೇರು, ಆನೆಹೆಜ್ಜೆ, ಸೂರ್ಯನಾರಾಯಣ ಮುಂತಾದ ಸಣ್ಣ ಚಿತ್ತಾರಗಳನ್ನು ಹೆಚ್ಚುವರಿ ಹಾಸಿನ ಎಳೆಗಳಿಂದ ಎಬ್ಬಿಸುತ್ತಾರೆ. ಎರಡೂ ಅಂಚಿಗೆ ದಡಿ ಇರುತ್ತದೆ. ಖಣವು ಥಾನಿನಿಂದ ಬೇಕಾದಷ್ಟು ಕತ್ತರಿಸಿಕೊಳ್ಳಬೇಕಾದ ಬಟ್ಟೆಯಲ್ಲ. ಒಂದು ಖಣವೆಂದರೆ ಒಂದು ಕುಪ್ಪಸ. ಅದನ್ನು ಹೊಲಿಯುವಾಗ ದಡಿಯು ತೋಳಿನ ತುದಿಗೂ ಕೆಳ ಅಂಚಿಗೂ ಬರುವಂತೆ ಮಡಿಸುತ್ತಿದ್ದರು. ಎದೆಯ ಕೆಳಗೆ ಗಂಟು ಹಾಕುತ್ತಿದ್ದರು. ಹೆಣ್ಣಿನ ಮೈಯ ಅಳತೆಯೇ ಬಟ್ಟೆಯ ಅಳತೆಯೂ ಆಗಿತ್ತು ಎಂಬುದು ಇಲ್ಲಿ ಗಮನಾರ್ಹ.

ಭಾಷೆಯೂ ಈ ಚರಿತ್ರೆಯನ್ನು ಕಾದಿರಿಸಿದೆ. ಕುಪ್ಪಸದ ಪಕ್ಕದಲ್ಲಿ ಮರಾಠಿಯ ಮೂಲಕ ‘ಪೋಲಕಾ’ ಬಂದಿತು, ಇಂಗ್ಲಿಷಿನಿಂದ ‘ಜಂಪರು’ ಬಂದಿತು, ಅನಂತರ ‘ಬ್ಲೌಸು’. ಎಳೆಯ ಹುಡುಗಿಯರಿಗೆ ಪರಕಾರ-ಪೋಲಕಾ ಜೊತೆಯುಡುಗೆಯಾಯಿತು. ಪ್ರತಿ ಹೊಸ ಹೆಸರಿನೊಡನೆ ಹೊಸ ಕತ್ತರಿಕೆಯೂ ಬಂದಿತು: ಗಂಟಿನ ಬದಲು ಗುಂಡಿ, ಬಳಿಕ ಹುಕ್ಕು. ಸೀರೆಯ ಬಣ್ಣಕ್ಕೆ ಒಪ್ಪುವ ಸಾದಾ ಬಟ್ಟೆಯ ಬ್ಲೌಸು ರೂಢಿಯಾದಾಗ ಖಣದ ದಡಿಗೂ ಚಿತ್ತಾರಕ್ಕೂ ದಿನದ ಉಡುಗೆಯಲ್ಲಿ ಜಾಗ ಕಡಿಮೆಯಾಯಿತು. ಮುಧೋಳ-ಜಮಖಂಡಿ ಭಾಗದ ಕಬ್ಬಿನ ಹೊಲಗಳಲ್ಲಿ ದುಡಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ; ಕಬ್ಬಿನ ಗರಿ ಕೈ ಕೊಯ್ಯುವುದೇ ಇದಕ್ಕೆ ಕಾರಣ. ಮನೆಯಲ್ಲಿ ಹೆಸರಿಗೆ ರಾತ್ರಿಯದಾದ ನೈಟಿ ಹಗಲಿನ ಉಡುಪಾಗಿದೆ. ವೇಷಭೂಷಣದ ಅಧ್ಯಯನಗಳು ಹಬ್ಬದ ಉಡುಗೆಗೆ ಕೊಟ್ಟ ಪುಟಗಳಲ್ಲಿ ಅಲ್ಪಭಾಗವನ್ನಾದರೂ ಈ ಅಂಗಿಗೆ, ಈ ನೈಟಿಗೆ ಕೊಡಬೇಕಿತ್ತು.

ಹಾಗಿದ್ದೂ ಖಣದ ಮಗ್ಗ ನಿಲ್ಲಲಿಲ್ಲ. ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದನ್ನು ಆಚರಣೆಯಲ್ಲಿ ಹುಡುಕಬೇಕಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಬಸುರಿಗೆ ಮಾಡುವ ಸಂಸ್ಕಾರದ ಹೆಸರೇ ‘ಕುಬಸ’. ಉಡುಗೆಯ ಹೆಸರು ವಿಧಿಯ ಹೆಸರಾಗಿದೆ. ಮುತ್ತೈದೆಗೆ ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿ, ಅರಿಸಿನ-ಕುಂಕುಮದ ಜೊತೆ ಖಣವಿರಲೇಬೇಕು. ಬಾದಾಮಿಯ ಬನಶಂಕರಿಗೆ, ಸವದತ್ತಿಯ ಎಲ್ಲಮ್ಮನಿಗೆ ಉಡಿ ತುಂಬುವ ಹರಕೆಯಲ್ಲೂ ಅದು ಸೇರುತ್ತದೆ. ತೊಡುವವರು ಕಡಿಮೆಯಾದರೂ ಕೊಡುವವರು ಕಡಿಮೆಯಾಗಲಿಲ್ಲ. ಮೈಯಿಂದ ಇಳಿದ ಖಣ ಉಡಿಯಲ್ಲಿ ಉಳಿಯಿತು.

ಆದರೆ ಈ ಉಳಿವು ನೇಕಾರನಿಗೆ ಪೂರ್ಣ ಲಾಭವಾಗಿ ಪರಿಣಮಿಸಿತೆಂದು ಹೇಳಲಾಗದು. ಹೊಲಿಸಿಕೊಳ್ಳಲು ಕೊಳ್ಳುವ ಬಟ್ಟೆಯ ಬಾಳಿಕೆಯನ್ನು ಕೊಳ್ಳುವವಳು ಪರೀಕ್ಷಿಸುತ್ತಾಳೆ. ಉಡಿಗೆ ಹಾಕುವ ಬಟ್ಟೆಯ ಬೆಲೆಯನ್ನು ಮಾತ್ರ ನೋಡುತ್ತಾಳೆ. ಉಡಿಗೆ ಬಂದ ಖಣ ಪೆಟ್ಟಿಗೆ ಸೇರಿ, ಮತ್ತೊಬ್ಬರ ಉಡಿಗೆ ಹೋಗಿ, ಹೊಲಿಗೆಯನ್ನೇ ಕಾಣದೆ ಮನೆಯಿಂದ ಮನೆಗೆ ಸಾಗುವುದುಂಟು. ಇಂಥ ಬೇಡಿಕೆಗೆ ಅಗ್ಗದ ನೂಲು, ವಿದ್ಯುತ್ ಮಗ್ಗ ಸಾಕಾಗುತ್ತವೆ.

2010ರ ನಂತರದ ದಶಕದಲ್ಲಿ ವಿನ್ಯಾಸಕಾರರು ಖಣವನ್ನು ಹೊಸದಾಗಿ ಕೈಗೆತ್ತಿಕೊಂಡರು. ಕುರ್ತಾ, ಉದ್ದ ಫ್ರಾಕು, ಜಾಕೀಟು, ಚೀಲ, ಕೊನೆಗೆ 6 ಗಜದ ‘ಖಣದ ಸೀರೆ’ ಕರ್ನಾಟಕ ಮತ್ತು ಮಹಾರಾಷ್ಟ್ರದ ನಗರಗಳಲ್ಲಿ ಮಾರಾಟವಾದವು. ಹಳೆಯ ಬಟ್ಟೆಗೆ ಹೊಸ ಜೀವ ಬಂದಿತೆಂಬ ಪ್ರಶಂಸೆ ಇದರ ಬಗ್ಗೆ ಸಾಮಾನ್ಯ. ಕುಪ್ಪಸಕ್ಕೆಂದು ಹುಟ್ಟಿದ ಬಟ್ಟೆ ಫ್ರಾಕಿಗೆ ಹೊಂದುವ ಬಗೆಯನ್ನು ಮಾತ್ರ ಈ ಪ್ರಶಂಸೆ ಪರಿಶೀಲಿಸುವುದಿಲ್ಲ. ದಡಿ ಕೆಳ ಅಂಚಿಗೆ ಬರಬೇಕಾದರೆ ಬಟ್ಟೆಯನ್ನು ಅಡ್ಡಕ್ಕೆ ಹಿಡಿದು ಕತ್ತರಿಸಬೇಕು. ಆಗ ಬಟ್ಟೆಯ ಅಗಲವೇ ಉಡುಪಿನ ಉದ್ದವಾಗುತ್ತದೆ. ಖಣದ ಅಗಲ ಅದಕ್ಕೆ ಸಾಲದು. ಆದುದರಿಂದ ಹೆಚ್ಚು ಅಗಲದ, ಮಾರುದ್ದದ ಖಣ ಬೇಕಾಯಿತು. ಕುಣಿಮಗ್ಗದ ಅಗಲ ಬದಲಿಸುವುದೆಂದರೆ ಹಣಿಗೆ, ಹಾಸು, ಚಿತ್ತಾರದ ಎಣಿಕೆ ಎಲ್ಲವನ್ನೂ ಬದಲಿಸಿದಂತೆ. ವಿದ್ಯುತ್ ಮಗ್ಗವಿದ್ದವರು ಈ ಬೇಡಿಕೆಯನ್ನು ಬೇಗ ಹಿಡಿದರು.

ದಡಿಯುಳ್ಳ ಸೀರೆಯೂ ಸೇರಿದಂತೆ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯಿದೆ 1985ರಲ್ಲಿ ಬಂದಿತು. ಭೌಗೋಳಿಕ ಗುರುತಿನ 1999ರ ಕಾಯಿದೆಯ ಅಡಿಯಲ್ಲಿ ಇಳಕಲ್ಲ ಸೀರೆಯೂ ಗುಳೇದಗುಡ್ಡದ ಖಣವೂ ನೋಂದಾಯಿತವಾಗಿವೆ. ಈ ನೋಂದಣಿ ಊರಿನ ಹೆಸರನ್ನು ಕಾಯುತ್ತದೆ. ಊರಿನ ಹೆಸರಿಲ್ಲದೆ ಬರಿಯ ‘ಖಣ’ವೆಂದು ಮಾರುವ ಫ್ರಾಕಿನ ಬಟ್ಟೆ ಅದರ ಹಿಡಿತಕ್ಕೆ ಸುಲಭವಾಗಿ ಸಿಗುವಂಥದ್ದಲ್ಲ.