ಕೆಲಸದ ಒತ್ತಡ ಮತ್ತು ಮಾಲೀಕರ ಹೊಣೆ: ಇಂಗ್ಲೆಂಡಿನ ಕಾನೂನಿನ ಚರಿತ್ರೆ

ಕೆಲಸದ ಹೊರೆಯಿಂದ ನೌಕರನ ಮನಸ್ಸು ಕುಸಿದರೆ ಅದಕ್ಕೆ ಮಾಲೀಕ ಪರಿಹಾರ ಕೊಡಬೇಕೇ? ಇಂಗ್ಲೆಂಡಿನ ನ್ಯಾಯಾಲಯ ಈ ಪ್ರಶ್ನೆಗೆ ‘ಹೌದು’ ಎಂದು ಸ್ಪಷ್ಟವಾಗಿ ಉತ್ತರಿಸಿದ್ದು 1994ರಲ್ಲಿ. ದೇಹಕ್ಕಾದ ಗಾಯದ ಬಗ್ಗೆ ಇದೇ ಪ್ರಶ್ನೆ ಅದಕ್ಕೂ ಅರ್ಧ ಶತಮಾನ ಮೊದಲೇ ಇತ್ಯರ್ಥವಾಗಿತ್ತು.

ದೇಹದ ಹೊಣೆಯೇನೂ ಸುಲಭವಾಗಿ ಬಂದದ್ದಲ್ಲ. ಮಿತಿಮೀರಿ ಸರಕು ತುಂಬಿದ ಬಂಡಿ ಮುರಿದು ಗಾಯಗೊಂಡ ಮಾಂಸದಂಗಡಿಯ ಆಳೊಬ್ಬ ಯಜಮಾನನ ಮೇಲೆ ಹೂಡಿದ ದಾವೆ 1837ರಲ್ಲಿ ಸೋತಿತು. ಅದರ ಬೆನ್ನಿಗೆ, ಜೊತೆಗಾರನ ತಪ್ಪಿನಿಂದ ಕೆಲಸಗಾರನಿಗೆ ಗಾಯವಾದರೆ ಮಾಲೀಕ ಹೊಣೆಯಲ್ಲ ಎಂಬ ‘ಸಮಾನ ಉದ್ಯೋಗ’ ತತ್ವ ಬೇರೂರಿತು. ಸುರಕ್ಷಿತವಾದ ಕೆಲಸದ ವ್ಯವಸ್ಥೆ ಒದಗಿಸುವುದು ಮಾಲೀಕನ ಸ್ವಂತ ಹೊಣೆ, ಅದನ್ನು ಬೇರೆಯವರ ಹೆಗಲಿಗೆ ದಾಟಿಸುವಂತಿಲ್ಲ ಎಂದು ಆಗ ದೇಶದ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯ ಪ್ರಕರಣವೊಂದರಲ್ಲಿ, 1937ರಲ್ಲಿ. ಹಳೆಯ ತತ್ವವನ್ನು ಬ್ರಿಟಿಷ್ ಸಂಸತ್ತು ಪೂರ್ತಿಯಾಗಿ ತೊಡೆದುಹಾಕಿದ್ದು 1948ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ, 1938ರ ಕಾಯ್ದೆಯಲ್ಲಿ, ಭಾರತ ಆ ತತ್ವದ ಬಳಕೆಯನ್ನು ಮೊಟಕುಗೊಳಿಸಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ಮನಸ್ಸಿನ ಗಾಯವನ್ನು ನ್ಯಾಯಾಲಯಗಳು ಬಹುಕಾಲ ಸಂಶಯದಿಂದಲೇ ಕಂಡವು. ರೈಲು ಬರುತ್ತಿದ್ದಾಗ ಗೇಟಿನೊಳಗೆ ಬಂಡಿ ಬಿಟ್ಟುದರಿಂದ ಹೆದರಿ ಕಾಯಿಲೆ ಬಿದ್ದ ಮಹಿಳೆಗೆ ಪರಿಹಾರವಿಲ್ಲ ಎಂದು, ವಸಾಹತುಗಳ ಮೇಲ್ಮನವಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ 1888ರಲ್ಲಿ ಹೇಳಿತು. 1901ರಲ್ಲಿ ಬಾಗಿಲು ಒಂದಿಷ್ಟು ತೆರೆಯಿತು. ಮದ್ಯದಂಗಡಿಯೊಳಗೆ ಕುದುರೆ ಬಂಡಿ ನುಗ್ಗಿದಾಗ, ಮೈಗೆ ಪೆಟ್ಟಾಗದಿದ್ದರೂ ಬೆಚ್ಚಿಬಿದ್ದು ಅವಧಿಗೆ ಮೊದಲೇ ಹೆತ್ತ ಗರ್ಭಿಣಿಯ ದಾವೆಗೆ ಆಧಾರವಿದೆ ಎಂದು ನ್ಯಾಯಾಲಯ ಒಪ್ಪಿತು. ಆದರೆ ಇವೆಲ್ಲ ಒಂದೇ ಕ್ಷಣದ ಆಘಾತಗಳು. ದಿನದಿನವೂ ಮೇಜಿನ ಮೇಲೆ ಬೆಳೆಯುವ ಕಡತಗಳಿಂದ ಬರುವ ಕುಸಿತಕ್ಕೆ ಕಾನೂನಿನಲ್ಲಿ ಇನ್ನೂ ಜಾಗವಿರಲಿಲ್ಲ. ನೌಕರರ ‘ಆರೋಗ್ಯ, ಸುರಕ್ಷತೆ, ಕ್ಷೇಮ’ವನ್ನು ಕಾಪಾಡಬೇಕೆಂದು 1974ರ ಕಾಯ್ದೆ ವಿಧಿಸಿದ್ದರೂ ಕಾರ್ಖಾನೆ ತನಿಖಾಧಿಕಾರಿಗಳ ಕಣ್ಣು ಯಂತ್ರ, ಧೂಳು, ರಾಸಾಯನಿಕಗಳ ಮೇಲೆಯೇ ಇತ್ತು.

ಜಾಗ ಸಿಕ್ಕಿದ್ದು ಉತ್ತರ ಇಂಗ್ಲೆಂಡಿನ ನಾರ್ದಂಬರ್‌ಲ್ಯಾಂಡ್ ಕೌಂಟಿಯ ಸಮಾಜಸೇವಾ ಇಲಾಖೆಯ ಅಧಿಕಾರಿಯೊಬ್ಬರಿಂದ. 1970ರಿಂದ ಅಲ್ಲಿ ದುಡಿಯುತ್ತಿದ್ದ ಅವರ ಕೈಕೆಳಗೆ ಸಮಾಜ ಕಾರ್ಯಕರ್ತರ ನಾಲ್ಕು ತಂಡಗಳಿದ್ದವು. ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳು ಏರುತ್ತಲೇ ಹೋದವು, ಸಿಬ್ಬಂದಿ ಮಾತ್ರ ಹೆಚ್ಚಲಿಲ್ಲ. ಹಂಚಿಕೆ ಬದಲಿಸಿ ಎಂದು ಅವರು ಮೇಲಿನವರನ್ನು ಕೇಳುತ್ತಲೇ ಇದ್ದರು. 1986ರ ನವೆಂಬರಿನಲ್ಲಿ ಅವರ ಮನಸ್ಸು ಕುಸಿಯಿತು. ನೆರವಿಗೆ ಜನ ಕೊಡುತ್ತೇವೆ ಎಂಬ ಭರವಸೆಯ ಮೇಲೆ 1987ರ ಮಾರ್ಚಿನಲ್ಲಿ ಕೆಲಸಕ್ಕೆ ಮರಳಿದರು. ಕೊಟ್ಟ ನೆರವು ತಿಂಗಳೊಳಗೆ ನಿಂತುಹೋಯಿತು. ಅವರಿಲ್ಲದಾಗ ಬಾಕಿಯಾದ ಕಡತಗಳು ಹಾಗೆಯೇ ಕಾದಿದ್ದವು. ಸೆಪ್ಟೆಂಬರಿನಲ್ಲಿ ಮತ್ತೆ ಕುಸಿದರು. 1988ರ ಫೆಬ್ರವರಿಯಲ್ಲಿ, ಆರೋಗ್ಯ ಸರಿಹೋಗುವಂತಿಲ್ಲ ಎಂಬ ಕಾರಣಕ್ಕೆ ಕೌಂಟಿ ಅವರನ್ನು ಕೆಲಸದಿಂದ ತೆಗೆಯಿತು.

ಹೈಕೋರ್ಟಿನ ನ್ಯಾಯಮೂರ್ತಿ ಕೋಲ್ಮನ್ 1994ರ ನವೆಂಬರಿನಲ್ಲಿ ತೀರ್ಪು ಕೊಟ್ಟರು. ಸುರಕ್ಷಿತ ಕೆಲಸದ ವ್ಯವಸ್ಥೆ ಎಂಬ ಹೊಣೆಯಿಂದ ಮನಸ್ಸಿನ ಹಾನಿಯನ್ನು ಹೊರಗಿಡಲು ಯಾವ ತರ್ಕವೂ ಇಲ್ಲ ಎಂದರು. ಮೊದಲ ಕುಸಿತವನ್ನು ಕೌಂಟಿ ಮುಂಚಿತವಾಗಿ ಊಹಿಸುವಂತಿರಲಿಲ್ಲ, ಆದ್ದರಿಂದ ಅದಕ್ಕೆ ಪರಿಹಾರವಿಲ್ಲ. ಎರಡನೆಯದು ಕಣ್ಣೆದುರಿಗೇ ಇತ್ತು. ಅದಕ್ಕೆ ಕೌಂಟಿಯೇ ಹೊಣೆ. ಹಣದ ಕೊರತೆಯ ಸಮಜಾಯಿಷಿ ನಿಲ್ಲಲಿಲ್ಲ. ಮೇಲ್ಮನವಿ ವಿಚಾರಣೆಗೆ ಬರುವ ಮೊದಲೇ, 1996ರಲ್ಲಿ, 1,75,000 ಪೌಂಡುಗಳಿಗೆ ರಾಜಿಯಾಯಿತು. ಈ ತೀರ್ಪು ದೊಡ್ಡದು, ನಿಜ. ಆದರೆ ಒಮ್ಮೆ ಮುರಿದುಬಿದ್ದ ಮೇಲೆಯೇ ಕಾನೂನಿನ ಕಣ್ಣಿಗೆ ಕಾಣುವ ನೋವು ಎಂಬ ಗಡಿಯನ್ನೂ ಅದೇ ಎಳೆಯಿತು. ಕೆಲಸದ ಒತ್ತಡದ ಮುಂದಿನ ಮುಖ್ಯ ವ್ಯಾಜ್ಯಗಳು ಈ ಗಡಿಯ ಸುತ್ತಲೇ ನಡೆದವು.

ಒಂದೇ ಕ್ಷಣದ ಆಘಾತದ ವಿಷಯದಲ್ಲೂ ನೌಕರರ ಹಾದಿ ಸುಲಭವಾಗಲಿಲ್ಲ. 1989ರ ಹಿಲ್ಸ್‌ಬರೋ ಕ್ರೀಡಾಂಗಣದ ದುರಂತದಲ್ಲಿ ಕಂಡದ್ದರಿಂದ ಮನೋರೋಗಕ್ಕೆ ತುತ್ತಾದ ಪೊಲೀಸರ ದಾವೆಯನ್ನು ಹೌಸ್ ಆಫ್ ಲಾರ್ಡ್ಸ್ 1998ರಲ್ಲಿ ಬಹುಮತದಿಂದ ತಳ್ಳಿಹಾಕಿತು. ನೌಕರರೆಂಬ ಕಾರಣಕ್ಕೆ ಅವರಿಗೆ ಇತರ ಪ್ರೇಕ್ಷಕರಿಗಿಂತ ಹೆಚ್ಚಿನ ಹಕ್ಕು ಸಿಗಲಿಲ್ಲ.

2002ರಲ್ಲಿ ಮೇಲ್ಮನವಿ ನ್ಯಾಯಾಲಯ ಕೆಲಸದ ಒತ್ತಡದ ನಾಲ್ಕು ಪ್ರಕರಣಗಳನ್ನು ಒಟ್ಟಿಗೆ ವಿಚಾರಿಸಿ 16 ಸೂತ್ರಗಳನ್ನು ಕೊಟ್ಟಿತು. ತೀರ್ಪನ್ನು ಓದಿದವರು ನ್ಯಾಯಮೂರ್ತಿ ಬ್ರೆಂಡಾ ಹೇಲ್. ಸ್ವಭಾವತಃ ಮನಸ್ಸಿಗೆ ಅಪಾಯಕಾರಿ ಎನ್ನಬಹುದಾದ ಕಸುಬು ಯಾವುದೂ ಇಲ್ಲ. ಈ ನೌಕರನ ಸಂಕಟ ಈ ಮಾಲೀಕನಿಗೆ ಗೊತ್ತಾಗುವಂತಿತ್ತೇ ಎಂಬುದೇ ಪ್ರಶ್ನೆ. ಗುಟ್ಟು ಕಾಪಾಡುವ ಆಪ್ತಸಲಹೆಯ ಸೌಲಭ್ಯ ಕೊಟ್ಟ ಮಾಲೀಕ ತಪ್ಪಿತಸ್ಥನಾಗುವ ಸಂಭವ ಕಡಿಮೆ. ಇವು ಆ ಸೂತ್ರಗಳಲ್ಲಿ ಮುಖ್ಯವಾದವು. ನಾಲ್ವರಲ್ಲಿ ಮೂವರು ನೌಕರರು ಸೋತರು. ಹೇಳಿಕೊಳ್ಳಲಾಗದಿರುವುದು ಈ ಕಾಯಿಲೆಗಳ ಲಕ್ಷಣವೇ ಆಗಿರುವಾಗ, ಹೇಳಿಕೊಳ್ಳುವ ಭಾರವನ್ನು ಹೆಚ್ಚಾಗಿ ನೌಕರನ ಮೇಲೆಯೇ ಹಾಕಿದ್ದು ಈ ಸೂತ್ರಗಳ ದೊಡ್ಡ ಕೊರತೆ.

ಸೋತವರಲ್ಲಿ ಒಬ್ಬರು, ಸಾಮರ್‌ಸೆಟ್‌ನ ಗಣಿತದ ಮೇಷ್ಟರು, ಹೌಸ್ ಆಫ್ ಲಾರ್ಡ್ಸ್‌ಗೆ ಹೋದರು. ಅವರು ವಾರಕ್ಕೆ 61ರಿಂದ 70 ಗಂಟೆ ದುಡಿಯುತ್ತಿದ್ದರು. 1996ರ ಮೇ ತಿಂಗಳಲ್ಲಿ ಮೂರು ವಾರ ರಜೆ ಹಾಕಿದಾಗ ಒತ್ತಡವೇ ಕಾರಣವೆಂದು ವೈದ್ಯರ ಚೀಟಿಯಲ್ಲೇ ಬರೆದಿತ್ತು. ಮರಳಿ ಬಂದ ಮೇಲೆ ಶಾಲೆಯ ಹಿರಿಯರು ಏನಾದರೂ ಮಾಡುವುದಿರಲಿ, ಸಹಾನುಭೂತಿಯಿಂದ ವಿಚಾರಿಸಲೂ ಇಲ್ಲ. 2004ರಲ್ಲಿ ಲಾರ್ಡ್‌ಗಳು ಬಹುಮತದಿಂದ ಮೇಷ್ಟರ ಪರವಾಗಿ ನಿಂತರು. ಹೇಲ್ ಅವರ ಸೂತ್ರಗಳು ಮಾರ್ಗದರ್ಶನವೇ ಹೊರತು ಶಾಸನವಲ್ಲ ಎಂದರು. ಆಪ್ತಸಲಹೆಯ ಆಸರೆಯೂ 2007ರಲ್ಲಿ ಸಡಿಲವಾಯಿತು: ಇಂಟೆಲ್ ಕಂಪನಿಯ ಪ್ರಕರಣದಲ್ಲಿ, ಹೊರೆ ಇಳಿಸಬಲ್ಲವರು ಆಡಳಿತದವರು, ಸಲಹೆಗಾರರಲ್ಲ ಎಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ಸರ್ಕಾರದ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ 2003ರಲ್ಲಿ ಪಶ್ಚಿಮ ಡಾರ್ಸೆಟ್‌ನ ಆಸ್ಪತ್ರೆ ಟ್ರಸ್ಟ್ ಒಂದಕ್ಕೆ ಸಿಬ್ಬಂದಿಯ ಒತ್ತಡದ ವಿಷಯದಲ್ಲಿ ಸುಧಾರಣಾ ನೋಟಿಸ್ ಕೊಟ್ಟಿತು. ಮರುವರ್ಷ ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಬೆಂಬಲ, ಪರಸ್ಪರ ಸಂಬಂಧ, ಪಾತ್ರ, ಬದಲಾವಣೆ ಎಂಬ ಆರು ಮಾನದಂಡಗಳನ್ನು ಪ್ರಕಟಿಸಿತು. ಇವು ಬರಿಯ ಮಾರ್ಗದರ್ಶನ. ಒತ್ತಡವೂ ಸೇರಿದಂತೆ ಅಪಾಯಗಳನ್ನು ಮಾಲೀಕ ಅಂದಾಜು ಮಾಡಬೇಕೆಂಬ 1999ರ ನಿಯಮಗಳಿಗೆ ಶಾಸನದ ಬಲವಿದೆ; ಆದರೆ 2013ರ ಅಕ್ಟೋಬರಿನಿಂದೀಚೆಗೆ ಅವುಗಳ ಉಲ್ಲಂಘನೆಯೊಂದನ್ನೇ ಆಧಾರವಾಗಿಟ್ಟು ನೌಕರ ಪರಿಹಾರ ಕೇಳುವಂತಿಲ್ಲ. ಮಾಲೀಕನ ನಿರ್ಲಕ್ಷ್ಯವನ್ನು, ಅಂದರೆ ಕುಸಿತ ಅವನಿಗೆ ಮೊದಲೇ ಕಾಣುವಂತಿತ್ತು ಎಂಬುದನ್ನು, ನೌಕರನೇ ಸಾಬೀತು ಮಾಡಬೇಕು.