ಸುಂಕದಕಟ್ಟೆಯ ಲೆಕ್ಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತಾರಲ್ಲ, ಐಫೋನ್‌ಗೆ ಆಪ್ ಬರೆಯುವವರ ಪಾಡು ಹಾಗೇ ಆಯ್ತು. 2008ರ ಜುಲೈನಲ್ಲಿ ಆಪ್ ಸ್ಟೋರ್ ತೆರೆದಾಗ ಅಲ್ಲಿದ್ದದ್ದು ಸುಮಾರು 500 ಆಪ್. ಮಾರಿದ ಪ್ರತಿ 100ರಲ್ಲಿ 30 ಆಪಲ್‌ಗೆ. ಮರುವರ್ಷ ಆಪ್ ಒಳಗಿನ ಖರೀದಿಗೂ ಅದೇ ದರ.

2020ರ ಆಗಸ್ಟ್ 13ರಂದು ಎಪಿಕ್ ಗೇಮ್ಸ್ ತನ್ನ ಫೋರ್ಟ್‌ನೈಟ್ ಆಟದೊಳಗೆ ಸ್ವಂತ ಪಾವತಿ ದಾರಿ ಇಟ್ಟಿತು. ಅದೇ ದಿನ ಆಪಲ್ ಆಟವನ್ನೇ ಹೊರಹಾಕಿತು. ಎಪಿಕ್ ಕೋರ್ಟಿಗೆ ಹೋಯ್ತು, ಜೊತೆಗೊಂದು ವಿಡಿಯೊನೂ ಬಿಟ್ಟಿತು. 1984ರಲ್ಲಿ ಸರ್ವಾಧಿಕಾರಿಯ ಪರದೆಗೆ ಸುತ್ತಿಗೆ ಬೀಸಿದ್ದ ಆಪಲ್ ಜಾಹೀರಾತಿನ ಅಣಕ ಅದು. ಈ ಸಲ ಪರದೆ ಮೇಲೆ ಸೇಬಿನ ತಲೆ! (ಟಿವಿಯವನಾಗಿ ಹೇಳ್ತೀನಿ, ಇದಕ್ಕಿಂತ ಚೆನ್ನಾಗಿ ಹಂಗಿಸೋದು ಕಷ್ಟ.)

2021ರಲ್ಲಿ ನ್ಯಾಯಾಧೀಶೆ ಇವಾನ್ ಗೊನ್ಸಾಲೆಸ್ ರಾಜರ್ಸ್ 10 ಆರೋಪಗಳ ಪೈಕಿ 9ರಲ್ಲಿ ಆಪಲ್ ಪರ ನಿಂತರು. ಏಕಸ್ವಾಮ್ಯ ಸಾಬೀತಾಗಲಿಲ್ಲ. ಆದರೆ ಹೊರಗಿನ ಪಾವತಿಯ ದಾರಿ ತೋರಿಸುವವರನ್ನು ತಡೆಯಬೇಡಿ ಎಂದರು.

ನನ್ನನ್ನು ಕೆಣಕುವ ಸಂಖ್ಯೆ ಮುಂದಿದೆ, ನೋಡಿ. 2024ರಲ್ಲಿ ಆಪಲ್ ಲಿಂಕ್‌ಗೆ ಅನುಮತಿ ಕೊಟ್ಟಿತು, ಕಮಿಷನ್ ಶೇ. 27! ಕಾರ್ಡ್ ಶುಲ್ಕ ಸೇರಿಸಿದರೆ ಉಳಿದದ್ದೇನು? ಎಂಜಿನಿಯರಿಂಗ್ ಓದಿದವನೇ ಬೇಕಿಲ್ಲ ಈ ಲೆಕ್ಕಕ್ಕೆ. ಸಣ್ಣ ಆಪ್ ಮಾಡುವವನ ಪಾಲಿಗೆ ಗೆದ್ದ ತೀರ್ಪೂ ಕಾಗದವಾಯ್ತು.

2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಧೀಶೆ, ಇದು ಆದೇಶದ ಉದ್ದೇಶಪೂರ್ವಕ ಉಲ್ಲಂಘನೆ ಎಂದರು. ಮೇ ತಿಂಗಳಲ್ಲಿ ಫೋರ್ಟ್‌ನೈಟ್ ಅಮೆರಿಕದ ಐಫೋನ್‌ಗೆ ಮರಳಿತು.